ಪೂಜೆಗೆ ಕೂತ ಸ್ಪ್ಯಾನರ್

ನನ್ನ ಓದುವ ಮೇಜಿನ ಮೇಲೆ, ಪೆನ್ನಿನ ಡಬ್ಬಿಯ ಪಕ್ಕದಲ್ಲಿ, ಕಾರಿನ ಗಾಲಿಯ ನಟ್ಟೊಂದು ಕೂತಿದೆ. ಅದರ ಅಂಚುಗಳಲ್ಲಿ ಒಣಗಿದ ಕುಂಕುಮ ಇನ್ನೂ ಅಂಟಿಕೊಂಡಿದೆ. ಬಂದವರು ಕೈಗೆತ್ತಿಕೊಂಡು, ತಿರುಗಿಸಿ ನೋಡಿ, ಮತ್ತೆ ಇಡುತ್ತಾರೆ. ನಿಮಗೆ ಅದರ ಕಥೆ ಹೇಳಿಬಿಡುತ್ತೇನೆ.

ನಮ್ಮಣ್ಣನಿಗೆ ತನ್ನ ಪುಟ್ಟ ಕಾರು ಎದೆಯುಬ್ಬಿಸಿ ನಿಲ್ಲಬೇಕೆಂಬ ಆಸೆ. ಆಯುಧಪೂಜೆಯ ಹಿಂದಿನ ದಿನ ದಾವಣಗೆರೆಯ ರಫೀಕ್ ಸಾಹೇಬರ ಅಂಗಡಿಯಲ್ಲಿ ಹಳೆಯ ಸಣ್ಣ ಗಾಲಿಗಳನ್ನು ಬಿಚ್ಚಿಸಿ, ಫಳಫಳ ಹೊಳೆಯುವ ದೊಡ್ಡ ಅಲಾಯ್ ಗಾಲಿಗಳನ್ನೂ ಅಗಲ ಟೈರುಗಳನ್ನೂ ಹಾಕಿಸಿದ. ಸಾಹೇಬರು ಕೈ ಒರೆಸಿಕೊಳ್ಳುತ್ತಾ ಹೇಳಿದ್ದರು: "ಹೊಸ ಗಾಲಿ ಸರಿಯಾಗಿ ಕುಂದ್ರಬೇಕಂದ್ರ ಸ್ವಲ್ಪ ಓಡಬೇಕ್ರಿ. ಊರೊಳಗ ನಾಕು ಸುತ್ತು ಹಾಕಿ ನಟ್ ಮತ್ತೊಮ್ಮೆ ಬಿಗಿ ಮಾಡ್ಕಳ್ರಿ. ನಾಳೆ ನಮ್ಮ ಅಂಗಡಿಯಾಗೂ ಪೂಜೆ, ಹುಡುಗ್ರು ಇರಲ್ಲ. ಸ್ಪ್ಯಾನರ್ ನಿಮ್ಮ ಡಿಕ್ಕಿಯಾಗೇ ಐತೆ. ಬಿಗಿ ಮಾಡದೆ ದೂರ ಹೋಗಬ್ಯಾಡ್ರಿ."

ಮರುದಿನ ಬೆಳಿಗ್ಗೆ ಅಮ್ಮ ಮನೆಯ ಕಬ್ಬಿಣವನ್ನೆಲ್ಲ ದೇವರ ಮುಂದೆ ಸಾಲಾಗಿ ಮಲಗಿಸಿದಳು: ಈಳಿಗೆಮಣೆ, ಕತ್ತರಿ, ಸುತ್ತಿಗೆ, ಕೊನೆಯಲ್ಲಿ ಡಿಕ್ಕಿಯಿಂದ ತರಿಸಿದ ಆ ಸ್ಪ್ಯಾನರ್. ಪೂಜೆಗೆ ಕೂತದ್ದನ್ನು ಮರುದಿನ ಬನ್ನಿ ಮುಡಿಯುವವರೆಗೆ ಎತ್ತುವಂತಿಲ್ಲ. ನಮ್ಮಲ್ಲಿ ಪಲ್ಯದ ಕಾಯಿಯನ್ನೂ ಹಿಂದಿನ ದಿನವೇ ಹೆಚ್ಚಿಡುತ್ತಾರೆ. ಹೊಸ ಗಾಲಿಗಳಿಗೆ ಅರಿಶಿನ ಕುಂಕುಮವಾಯಿತು, ನಾಲ್ಕು ನಿಂಬೆಹಣ್ಣು ಪಚಕ್ಕೆಂದವು. "ಎಮ್ಮೆಗೆ ಗೆಜ್ಜೆ ಕಟ್ಟಿದಂಗಾತು" ಎಂದು ಅತ್ತಿಗೆ ನಕ್ಕರು. ಆದರೂ ಊಟವಾದ ಮೇಲೆ ಅದನ್ನು ಹರಿಹರದ ತವರಿಗೆ ತೋರಿಸಲು ಹೊರಟವರೂ ಅವರೇ.

ಸಾಹೇಬರು ಹೇಳಿದಂತೆ ನಟ್ಟು ಬಿಗಿ ಮಾಡೋಣವೆಂದು ನಾನು ಸ್ಪ್ಯಾನರಿಗೆ ಕೈ ಹಾಕಿದ್ದು ಆಗ.

"ಮುಟ್ಟಬ್ಯಾಡವ್ವ! ವರ್ಷೆಲ್ಲ ದುಡಿದಿರ್ತಾವ, ಒಂದಿನ ಮಲಗ್ಲಿ" ಎಂದಳು ಅಮ್ಮ.

"ಬಿಎಸ್ಸಿ ಮೇಡಂ, ನಿಂಬೆಹಣ್ಣು ತುಳಿಸೀವಿ, ಏನೂ ಆಗಲ್ಲ ನಡೀರಿ" ಎಂದ ಅಣ್ಣ.

ಮೂರು ವರ್ಷ ಭೌತಶಾಸ್ತ್ರ ಓದಿದವಳು ನಾನು. ಅಮ್ಮನ ಮಾತಿನ ಚೆಂದಕ್ಕೆ ಸೋತು ಸ್ಪ್ಯಾನರನ್ನು ಹೂವಿನ ನಡುವೆ ಮತ್ತೆ ಇಟ್ಟೆ.

ಕಾರಿನಲ್ಲಿ ಅಣ್ಣ, ಅತ್ತಿಗೆ, ಅಮ್ಮ, ಅಣ್ಣನ ನಾಲ್ಕು ವರ್ಷದ ಮಗಳು ಚಿನ್ನಿ. ಹಿಂದೆ ಸ್ಕೂಟರಿನಲ್ಲಿ ನಾನು. ಹರಿಹರ ಇನ್ನೇನು ಬಂತೆನ್ನುವಾಗ ಮುಂದಿನ ಎಡಗಾಲಿ ತಲೆಯಾಡಿಸತೊಡಗಿತು. ನಾನು ಹಾರನ್ ಒತ್ತಿದೆ, ಒತ್ತುತ್ತಲೇ ಇದ್ದೆ. ಹಬ್ಬದ ಸಡಗರವೆಂದುಕೊಂಡು ಅಣ್ಣನೂ ಪೀಂ ಪೀಂ ಎಂದು ಉತ್ತರಿಸಿದ. ಚಿನ್ನಿ ಹಿಂದಿನ ಗಾಜಿನಿಂದ ಕೈಬೀಸಿದಳು. ಆ ಪುಟ್ಟ ಕೈ ಈಗಲೂ ಕಣ್ಣು ಮುಚ್ಚಿದರೆ ಬೀಸುತ್ತದೆ.

ಗಾಲಿ ಕಳಚಿತು. ಕಾರು ಎಡಭುಜ ಕುಸಿದು, ಕಿಡಿ ಕಾರುತ್ತಾ ಜಾರಿ, ಮೋರಿಯ ಗೋಡೆಗೆ ಒಂದು ಗೇಣು ಬಿಟ್ಟು ನಿಂತಿತು. ಗಾಲಿ ಮಾತ್ರ ನಿಲ್ಲಲಿಲ್ಲ. ಕಾರಿಗೆ ಕಟ್ಟಿದ್ದಾಗ ಎಂದೂ ಓಡದಷ್ಟು ನೆಟ್ಟಗೆ, ನಿಶ್ಶಬ್ದವಾಗಿ, ಅರಿಶಿನದ ಬೊಟ್ಟುಗಳೆಲ್ಲ ಸುತ್ತಿ ಸುತ್ತಿ ಒಂದೇ ಹಳದಿ ಬಳೆಯಾಗಿ, ಅದು ಹೆದ್ದಾರಿಯ ಪಕ್ಕದ ಸಣ್ಣ ರಸ್ತೆಗೆ ಇಳಿಯಿತು. ಅಲ್ಲಿ ಅಜ್ಜಿಯೊಬ್ಬಳು ಬೆನ್ನು ತಿರುಗಿಸಿ ಕೂತು, ಒಣಹಾಕಿದ ಮೆಕ್ಕೆಜೋಳವನ್ನು ಕೈಯಾಡಿಸುತ್ತಿದ್ದಳು. ನಾನು ಮತ್ತೆ ಹಾರನ್ ಒತ್ತಿದೆ; ಅಜ್ಜಿ ತಿರುಗಲಿಲ್ಲ. ಗಾಲಿ ಕಾಳಿನೊಳಗೆ ನುಗ್ಗಿತು; ಕಾಳುಗಳು ನೀರಿನಂತೆ ಇಬ್ಭಾಗವಾಗಿ, ಮತ್ತೆ ಕೂಡಿ, ಅದರ ಕಾಲು ಹಿಡಿದವು. ಅದು ತೂಗಿತು, ಬಾಗಿತು, ಅಜ್ಜಿಯ ಬೆನ್ನಿನಿಂದ ಎರಡು ಮಾರು ದೂರದಲ್ಲಿ ಮಗ್ಗುಲಾಗಿ ಮಲಗಿತು. ಸ್ಕೂಟರ್ ಜಾರಿಸುತ್ತದೆಂದು ರಸ್ತೆಯ ಮೇಲೆ ಹೀಗೆ ಒಣಹಾಕುವ ಜೋಳವನ್ನು ನಾನು ಎಷ್ಟು ಸಲ ಶಪಿಸಿಲ್ಲ!

ಅಜ್ಜಿ ತಿರುಗಿ ಗಾಲಿಯನ್ನೂ ಕಾರನ್ನೂ ನೋಡಿದಳು. "ಗಾಲಿ ಮುಂದ ಕಳಿಸಿ ಹಿಂದಿಂದ ಬರಾಕತ್ತೀರೇನಪ್ಪ?" ಎಂದವಳು, ಚಿನ್ನಿಯ ಅಳು ಕೇಳಿದ್ದೇ ನೀರಿನ ತಂಬಿಗೆ ಹಿಡಿದು ಓಡಿದಳು. "ಮೊದಲು ಕೂಸಿನ್ನ ಇಳಿಸ್ರಿ!" ಯಾರ ಮೈಮೇಲೂ ತರಚಿದ ಗಾಯವಿರಲಿಲ್ಲ. ಅಮ್ಮ ಜೋಳದ ಅಂಚಿನಲ್ಲಿ ಕುಸಿದು ಕೂತು, ಗಾಲಿಗೋ ಅಜ್ಜಿಗೋ ಎಂದು ತಿಳಿಯದಂತೆ ಕೈಮುಗಿದಳು.

ಅಮ್ಮನ ಕರುಣೆಯನ್ನು ನಾನು ಇಂದಿಗೂ ತಪ್ಪೆನ್ನಲಾರೆ. ದುಡಿದ ಕಬ್ಬಿಣಕ್ಕೆ ಒಂದು ದಿನದ ನಿದ್ದೆ ಕೊಡುವ ಜನ ನಾವು, ಅದು ಸಣ್ಣ ಮಾತಲ್ಲ. ಆದರೆ ಸ್ಪ್ಯಾನರನ್ನು ಮಲಗಿಸಿದವರು ಗಾಲಿಯನ್ನು ದುಡಿಯಲು ಎಬ್ಬಿಸಿಕೊಂಡು ಹೋದೆವಲ್ಲ! ಈಗ ಅಮ್ಮನೇ ಹಬ್ಬದ ಹಿಂದಿನ ದಿನ ಅಣ್ಣನಿಗೆ ಹೇಳುತ್ತಾಳೆ: "ಮೊದಲು ಬಿಗಿ ಮಾಡು, ಆಮೇಲೆ ಕುಂಕುಮ ಹಚ್ತೀನಿ. ನಾಳೆ ಕಾರೂ ಮಲಗ್ಲಿ."

ಅಂದು ಬಂದ ದಾರಿಯಲ್ಲೇ ಹಿಂದಕ್ಕೆ ನಡೆದು ಹುಡುಕಿದಾಗ ಸಿಕ್ಕಿದ್ದು ಇದೊಂದೇ ನಟ್ಟು. ಟೈರಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಒಂದು ಜೋಳದ ಕಾಳನ್ನೂ ತಂದು ಅದರ ತೂತಿನೊಳಗೆ ಇಟ್ಟಿದ್ದೇನೆ. ಬಿಗಿಯಾಗಿ ಕೂತಿದೆ.