ಕೈಯೆತ್ತಿ ಗೆಲ್ಲಿಸಿದ ಕೋಡ್

ಸೋಲ್ವೈ ಮೂವತ್ತೊಂದು ವರ್ಷ ಜಿಲ್ಲಾ ಪತ್ರಿಕೆಯಲ್ಲಿ ಕರಡು ತಿದ್ದಿದವಳು. ಅಲ್ಪವಿರಾಮ ಕೂದಲೆಳೆಯಷ್ಟು ಸರಿದಿದ್ದರೂ ಅವಳ ಕಣ್ಣಲ್ಲಿ ಮರಳು ಬಿದ್ದಂತಾಗುತ್ತಿತ್ತು. ನಿವೃತ್ತಳಾದ ಮೇಲೆ ಆ ಕಣ್ಣಿಗೊಂದು ಕೆಲಸವಿರಲೆಂದು ಬಂದರಿನ ಚಳಿಗಾಲದ ಸ್ನಾನಸಂಘದ ಕಾರ್ಯದರ್ಶಿಯಾಗಿ, ಅದರ ವೆಬ್‌ಸೈಟನ್ನೂ ನೋಡಿಕೊಳ್ಳುತ್ತಿದ್ದಳು. ಡೆನ್ಮಾರ್ಕಿನಲ್ಲಿ ಮೂವರು ಒಟ್ಟಿಗೆ ನಿಂತರೆ ಸಾಕು, ಸಂಘವೊಂದು ಹುಟ್ಟುತ್ತದೆ. ಹೆಪ್ಪುಗಟ್ಟುವ ಕಡಲಿಗೆ ಬೆತ್ತಲೆ ಇಳಿಯುವ ಈ ಇನ್ನೂರ ಹನ್ನೆರಡು ಮಂದಿಗೂ ನಿಯಮಾವಳಿ ಬೇಕು, ಸಭೆ ಬೇಕು, ಸಭೆಗೆ ಕಾಫಿ ಬೇಕು.

ಮಂಗಳವಾರ ಬೆಳಿಗ್ಗೆ ಪುಟದ ಅಡಿಯಲ್ಲಿದ್ದ ಇಸವಿ ಬದಲಿಸಲು ಸೈಟಿಗೆ ರೂಪ ಕೊಡುವ ಥೀಮಿನ ಫೈಲು ತೆರೆದಳು. ನಾಲ್ಕೇ ಸಾಲು. ಆದರೆ ಕೆಳಗಿನ ಪಕ್ಕಕ್ಕೆ ಸರಿಸುವ ಪಟ್ಟಿ ಬೇಳೆಕಾಳಿನಷ್ಟಕ್ಕೆ ಕುಗ್ಗಿತ್ತು; ಅಂದರೆ ಯಾವುದೋ ಸಾಲು ಬಲಕ್ಕೆ ಬಹಳ ದೂರ ಹೋಗಿತ್ತು. ಬಲಕ್ಕೆ ಎಳೆದಳು. ಖಾಲಿ, ಖಾಲಿ, ಇನ್ನೂ ಖಾಲಿ. ಕೊನೆಗೆ ಅಕ್ಷರವೂ ಅಂಕಿಯೂ ಕಲಸಿಹೋದ, ತಲೆಬುಡವಿಲ್ಲದ ಒಂದು ಉದ್ದನೆಯ ಸಾಲು. ಯಾರ ಕಣ್ಣಿಗೂ ಬೀಳದಿರಲೆಂದೇ ಅದನ್ನು ಅಷ್ಟು ದೂರ ತಳ್ಳಿದ್ದರು. ಒಳ್ಳೆಯ ಕೆಲಸಕ್ಕೆ ಬಂದವರು ಹೀಗೆ ಅವಿತು ಕೂರುತ್ತಾರೆಯೇ?

ಅವಳಿಗೆ ಮೊದಲು ನೆನಪಾದದ್ದು ಸಂಘದ ಸದಸ್ಯೆ ವಿಬೆಕೆ. ಹೊಡೆಯುತ್ತಿದ್ದ ಗಂಡನನ್ನು ಬಿಟ್ಟು ಎರಡು ಊರು ಬದಲಿಸಿ ಬಂದ ಹೆಣ್ಣು. ಅವಳ ವಿಳಾಸವನ್ನು ಸರ್ಕಾರವೇ ಗುಟ್ಟಾಗಿಟ್ಟಿತ್ತು. ಸಂಘದ ಬಿಸಿಹಬೆಯ ಕೋಣೆ, ಸೌನಾದ ಕೀಲಿ ಅಂಚೆಯಲ್ಲಿ ಬರುವುದರಿಂದ ಸಂಘಕ್ಕೆ ವಿಳಾಸ ಕೊಡಲೇಬೇಕಿತ್ತು. "ನಿನ್ ಕೈಲೇ ಇರುತ್ತೆ ಅಂದ್ರೆ ಮಾತ್ರ ಕೊಡ್ತೀನಿ" ಎಂದಿದ್ದಳು. ಸೋಲ್ವೈ ಮಾತು ಕೊಟ್ಟು, ತಾನೇ ಕೂತು ವೆಬ್‌ಸೈಟಿನ ಸದಸ್ಯರ ಪಟ್ಟಿಗೆ ಅದನ್ನು ಸೇರಿಸಿದ್ದಳು.

ಥೀಮ್ ಹಾಕಿದವನು ಅಧ್ಯಕ್ಷ ಟೋರ್ಕಿಲ್. ಕೊಂಡು ತರಬೇಕಾದದ್ದನ್ನು ಯಾವುದೋ ತಾಣದಿಂದ ಪುಕ್ಕಟೆ ಇಳಿಸಿಕೊಂಡು, ಅದನ್ನೇ ಜಾಣತನವೆಂದು ಹೇಳಿಕೊಂಡು ತಿರುಗಿದ್ದ. ಅವನಿಗೆ ಫೋನ್ ಮಾಡಿದಳು.

"ಅಯ್ಯೋ, ಅದು ಥೀಮ್ ಮಾಡಿದವರ ಮುದ್ರೆ ಕಣೆ. ಹೆಸರು ಯಾರೂ ಅಳಿಸದೇ ಇರ್ಲಿ ಅಂತ ಬಚ್ಚಿಟ್ಟಿರ್ತಾರೆ."

"ಇಷ್ಟುದ್ದದ ಹೆಸರು ಯಾರಿಗಪ್ಪ ಇರುತ್ತೆ?"

"ನಿಂಗೆ ಎಲ್ಲದರಲ್ಲೂ ತಪ್ಪು ಹುಡುಕೋ ಚಟ. ಪತ್ರಿಕೆ ಬಿಟ್ರೂ ಅದು ಬಿಡ್ಲಿಲ್ಲ ನೋಡು."

ಅವನ ಮಾತು ನಿಜವಿರಲೂಬಹುದು. ಸೋಲ್ವೈಯನ್ನು ಕೆರಳಿಸಿದ್ದೇ ಅದು. ಆ ಸಾಲನ್ನು ಬಿಡಿಸಲು ಕೂತಳು. ಗೂಢಲಿಪಿಯ ಒಂದು ಹೊದಿಕೆ ತೆಗೆದರೆ ಒಳಗೆ ಇನ್ನೊಂದು, ಅದನ್ನು ತೆಗೆದರೆ ಮತ್ತೊಂದು. ಕೋಡ್ ಬಲ್ಲವರಿರುವ ಜಾಲತಾಣದಲ್ಲಿ ಕೇಳಿದಳು. ಒಬ್ಬ ಏನೂ ಇಲ್ಲವೆಂದ, ಇನ್ನೊಬ್ಬ ಇಡೀ ಸೈಟನ್ನೇ ಸುಡು ಎಂದ, ಆಮೇಲೆ ಇಬ್ಬರೂ ಇವಳನ್ನು ಮರೆತು ತಮ್ಮತಮ್ಮಲ್ಲೇ ಜಗಳಕ್ಕಿಳಿದರು. ಅವಳಿಗೆ ಮೈ ಪರಚಿಕೊಳ್ಳುವಂತಾಯಿತು.

ಬುಧವಾರ ಇನ್ನೊಂದು ಕಂಡಿತು. ಬಳಕೆದಾರರ ಪಟ್ಟಿಯ ಮೇಲೆ "ನಿರ್ವಾಹಕರು: 3" ಎಂದಿತ್ತು. ನಿರ್ವಾಹಕರೆಂದರೆ ಸೈಟಿನ ಒಳಗಿನದ್ದೆಲ್ಲವನ್ನೂ ನೋಡಬಲ್ಲವರು. ಕೆಳಗೆ ಹೆಸರು ಎರಡೇ, ಅವಳದು ಮತ್ತು ಟೋರ್ಕಿಲ್‌ನದು.

"ಎಣಿಕೇಲಿ ಏನೋ ಎಡವಟ್ಟಾಗಿರುತ್ತೆ," ಎಂದ ಟೋರ್ಕಿಲ್. "ಶನಿವಾರ ಸದಸ್ಯರ ನೋಂದಣಿ ಶುರು. ಸೈಟ್ ಮುಚ್ಚಬೇಕಂದ್ರೆ ಮಂಡಳಿ ಒಪ್ಪಬೇಕು. ನಾಳೆ ಸಭೆಗೆ ತಾ."

ಜನ್ಮದಲ್ಲಿ ಒಮ್ಮೆಯೂ ಸಭೆಯನ್ನು ಮೀರಿ ನಡೆದವಳಲ್ಲ ಸೋಲ್ವೈ. ಸೈಟ್ ಮುಚ್ಚುವ ಗುಂಡಿ ಅವಳ ಬೆರಳ ತುದಿಯಲ್ಲೇ ಇತ್ತು, ಒತ್ತಲಿಲ್ಲ. ಕಾರ್ಯಸೂಚಿಯಲ್ಲಿ ನಾಲ್ಕನೇ ವಿಷಯವೆಂದು ನೀಟಾಗಿ ಬರೆದಳು.

ಗುರುವಾರ ಮಧ್ಯಾಹ್ನ ಐವರು ಸೇರಿದರು. ಮೂರನೇ ವಿಷಯ, ಸೌನಾದಲ್ಲಿ ಟವಲಿನ ಮೇಲೆ ಕೂರುವುದು ಕಡ್ಡಾಯವೇ ಎಂಬುದಕ್ಕೆ ಒಂದು ಗಂಟೆ ಹಿಡಿಯಿತು. ನಾಲ್ಕನೆಯದಕ್ಕೆ ಹತ್ತು ನಿಮಿಷ.

"ಸರಿ, ಕೈ ಎತ್ತಿ," ಎಂದ ಟೋರ್ಕಿಲ್. "ಕೋಡ್ ಕೆಟ್ಟದ್ದಲ್ಲ ಅನ್ನೋರು?"

ನಾಲ್ಕು ಕೈ ಎದ್ದವು.

"ಏನ್ರೋ ಇದು!" ಸೋಲ್ವೈ ಮೇಜು ಗುದ್ದಿದಳು. "ಕಡಲು ಎಷ್ಟು ತಣ್ಣಗಿದೆ ಅಂತ ಮತ ಹಾಕ್ತೀರಾ? ಥರ್ಮಾಮೀಟರ್ ಇಳಿಬಿಟ್ಟು ನೋಡ್ತೀರಿ ತಾನೇ? ಇದನ್ನೂ ನೋಡಿ ಅಂತಿದೀನಿ!"

"ಬಹುಮತ ಬಹುಮತಾನೇ ತಾಯಿ. ತಗೋ, ಇನ್ನೊಂದು ಬನ್ ತಿನ್ನು."

ನಡಾವಳಿ ಬರೆಯಬೇಕಾದವಳೂ ಅವಳೇ. "ಸದರಿ ಕೋಡ್ ದುರುದ್ದೇಶದ್ದಲ್ಲವೆಂದು ಬಹುಮತದಿಂದ ತೀರ್ಮಾನಿಸಲಾಯಿತು" ಎಂದು ಬರೆದಳು. ವಾಕ್ಯದಲ್ಲಿ ಮಾತ್ರ ಒಂದು ತಪ್ಪೂ ಇರಲಿಲ್ಲ.

ಶುಕ್ರವಾರ ಬೆಳಿಗ್ಗೆ ಹನ್ನೊಂದನೇ ಹೊದಿಕೆ ಬಿಚ್ಚಿತು. ಒಳಗಿದ್ದದ್ದು ಸರಳ ಆಜ್ಞೆಗಳು: ಹೊಸ ನಿರ್ವಾಹಕನೊಬ್ಬನನ್ನು ಸೃಷ್ಟಿಸು, ಪಟ್ಟಿಯಲ್ಲಿ ಅವನ ಹೆಸರು ಅಡಗಿಸು, ಗುಪ್ತಪದವನ್ನು ಹೊರಗಿನ ಒಂದು ವಿಳಾಸಕ್ಕೆ ಕಳಿಸು. ಸೋಲ್ವೈ ಯಾರನ್ನೂ ಕೇಳಲಿಲ್ಲ. ಸೈಟ್ ಮುಚ್ಚಿ, ಕೋಟು ಹಾಕಿಕೊಂಡು ಸ್ನಾನದ ಕಟ್ಟೆಗೆ ನಡೆದಳು.

ವಿಬೆಕೆ ಆಗತಾನೇ ನೀರಿನಿಂದ ಮೇಲೆ ಬಂದು ಟವಲು ಸುತ್ತಿಕೊಂಡಿದ್ದಳು. ಮೈಯೆಲ್ಲ ಕೆಂಪು, ಮುಖದಲ್ಲಿ ನಗು. ಸೋಲ್ವೈ ನಿಂತಲ್ಲೇ ಎಲ್ಲ ಹೇಳಿದಳು. ನಗು ಮಾಯವಾಯಿತು.

"ನನ್ ವಿಳಾಸ ಯಾರಾದ್ರೂ ನೋಡಿದಾರಾ?"

"ಗೊತ್ತಿಲ್ಲ. ನೋಡಬಹುದಿತ್ತು ಅನ್ನೋದಷ್ಟೇ ಗೊತ್ತು."

"ನಿಂಗೆ ಯಾವತ್ತು ಅನುಮಾನ ಬಂತು?"

"ಮಂಗಳವಾರ."

"ಇವತ್ತು ಶುಕ್ರವಾರ."

"ಗುರುವಾರ ಸಭೆ ಇತ್ತು," ಎಂದಳು ಸೋಲ್ವೈ. ಆಡಿದ ಮಾತು ತನ್ನ ಕಿವಿಗೇ ಬಿದ್ದಾಗ ನಾಚಿಕೆಯಿಂದ ಸತ್ತೇಹೋಗಬೇಕೆನಿಸಿತು.

ವಿಬೆಕೆ ಬೈಯಲಿಲ್ಲ. ಚೀಲದಿಂದ ಸೌನಾದ ಕೀಲಿ ತೆಗೆದು ಅವಳ ಕೈಗಿಟ್ಟಳು.

"ಸಾಮಾನು ತುಂಬೋಕೆ ರಟ್ಟಿನ ಪೆಟ್ಟಿಗೆ ಬೇಕು," ಎಂದಳು. "ಈ ಊರಲ್ಲಿ ಎಲ್ಲಿ ಸಿಗುತ್ತೆ?"