ಗಾಳಿ ಮುಚ್ಚಿಟ್ಟ ಮುದುಕಿ, ಹೋರಿ ಕಟ್ಟಿಸಿದ ಶೇಷಮ್ಮ

ಆನವಟ್ಟಿಯ ಆಚೆಗಿನ ಆ ಊರಿನಲ್ಲಿ ಎಮ್ಮೆ ಒದ್ದರೂ, ಮಜ್ಜಿಗೆ ಕೆಟ್ಟರೂ ಶೇಷಮ್ಮನ ಹೆಸರು ಬರುತ್ತಿತ್ತು. ಶೇಷಮ್ಮನೂ ಏನು ಸಾಚಾ ಅಲ್ಲ. ಅಂಗಳಕ್ಕೆ ಕೋಳಿ ಬಂದರೆ ಕಲ್ಲು ಬೀಸುತ್ತಿದ್ದಳು, ಕೋಳಿಯ ಒಡತಿ ಬಂದರೆ ಕಲ್ಲಿಗಿಂತ ಗಟ್ಟಿಯಾದ ಮಾತು ಬೀಸುತ್ತಿದ್ದಳು. ಅದನ್ನೆಲ್ಲ ಊರು ನುಂಗಿಕೊಂಡಿತ್ತು. ನುಂಗಲಾರದೆ ಹೋದದ್ದು ದೀಪಾವಳಿಯ ಹೋರಿ ಹಬ್ಬದ ವಿಷಯ. ಕೊಂಬಿಗೆ ಬಲೂನು, ಕೊರಳಿಗೆ ಕೊಬ್ಬರಿ ಸರ ಕಟ್ಟಿ ಹೋರಿ ಓಡಿಸಲು ಊರು ಸಜ್ಜಾಗುವಷ್ಟರಲ್ಲಿ ಇವಳು ಠಾಣೆಗೆ ಹೋಗಿ ದೂರು ಕೊಟ್ಟು ಬರುತ್ತಿದ್ದಳು. ಪೊಲೀಸರು ಬಂದು ಹಬ್ಬ ನಿಲ್ಲಿಸುತ್ತಿದ್ದರು.

ಕಾರಣ ಎಲ್ಲರಿಗೂ ಗೊತ್ತಿತ್ತು. ಅವಳ ಒಬ್ಬನೇ ಮಗ ಉದಯ ಇದೇ ಹಬ್ಬದಲ್ಲಿ, ಬೇಲಿ ಮುರಿದು ನುಗ್ಗಿದ ಹೋರಿಯ ಕಾಲಡಿ ಸಿಕ್ಕಿ ಸತ್ತಿದ್ದ. ಮಣ್ಣಿಗೆ ಬಂದು ಅತ್ತುಹೋದ ಊರೇ ಮರುವರ್ಷ ಅದೇ ಜಾಗದಲ್ಲಿ ಮತ್ತೆ ಹೋರಿ ಓಡಿಸಲು ಬೇಲಿ ಕಟ್ಟಿತು. ಅಂದಿನಿಂದ ಶೇಷಮ್ಮ ಮಗನ ಹೆಸರನ್ನು ಬಾಯಲ್ಲಿ ಎತ್ತಿರಲಿಲ್ಲ. ಅವನು ಮುದ್ದಿನಿಂದ ಸಾಕಿದ್ದ ಹೋರಿಗರುವನ್ನು ಎದುರುಮನೆಯ ರಾಜಪ್ಪನಿಗೆ ಕೊಟ್ಟು ಕೈ ತೊಳೆದುಕೊಂಡಿದ್ದಳು.

ಈ ವರ್ಷ ಆ ಕರು ಬೆಳೆದು ಅಖಾಡಕ್ಕೆ ಇಳಿಯುವಂತಾಗಿತ್ತು. ಉದಯನ ಗೆಳೆಯರು ಅವನ ನೆನಪಿಗೆಂದು ಹೋರಿಗೆ ಅವನ ಹೆಸರನ್ನೇ ಇಟ್ಟು, ಬಸ್‌ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಕಟ್ಟಿದರು. ಅದು ಗೌರವವೆಂದೇ ಅವರ ಲೆಕ್ಕ. ಕೊಂದದ್ದು ಸಾಲದೆಂದು ಹೆಸರನ್ನೂ ದನಕ್ಕೆ ಇಟ್ಟರಲ್ಲ ಎಂದು ಶೇಷಮ್ಮನ ಮೈಯೆಲ್ಲ ಉರಿದುಹೋಯಿತು. ಈ ಸಲ ರಾಜಪ್ಪನ ಹೋರಿಯ ಮೇಲೇ ದೂರು ಕೊಡುತ್ತೇನೆಂದು ಹಲ್ಲು ಕಡಿದಳು.

ಹಬ್ಬಕ್ಕೆ ಶಿಕಾರಿಪುರದಿಂದ ಮಗಳ ಮಗಳು ಧನ್ಯಾ ಬಂದಿದ್ದಳು. ಅವಳು ಟೀವಿಯಲ್ಲಿ ಕಾರ್ಟೂನ್ ಸಿನಿಮಾ ಹಾಕಿದಳೆಂದು ರಾಜಪ್ಪನ ಮಗಳು ಶರಣ್ಯ ಕದ್ದು ಬಂದು ಪಕ್ಕದಲ್ಲಿ ಕೂತಳು. ಸಿನಿಮಾದ ಮುದುಕಿಯೊಬ್ಬಳು ಊರಿನ ಗಾಳಿಯನ್ನೆಲ್ಲ ಮಡಕೆಯಲ್ಲಿ ಮುಚ್ಚಿಟ್ಟು, ಯಾರೂ ಗಾಳಿಪಟ ಹಾರಿಸದಂತೆ ಮಾಡಿದ್ದಳು. ಮಕ್ಕಳಿಬ್ಬರೂ ಅವಳು ಸಾಯಲಿ ಎಂದು ಕಾದರು. ಕೊನೆಗೆ ನೋಡಿದರೆ, ಆ ಮುದುಕಿಯ ಮಗಳು ಗಾಳಿಪಟದ ಹಿಂದೆ ಓಡಿ ಬೆಟ್ಟದಿಂದ ಬಿದ್ದು ಸತ್ತಿದ್ದಳಂತೆ. ಅದು ತಿಳಿದದ್ದೇ ತಡ, ಊರವರೆಲ್ಲ ಮುದುಕಿಯನ್ನು ತಬ್ಬಿ ಅತ್ತರು. ಅವಳು ಮಡಕೆಯ ಬಾಯಿ ಬಿಚ್ಚಿ ಗಾಳಿ ಬಿಟ್ಟಳು.

ಮಗಳನ್ನು ಎಳೆದೊಯ್ಯಲು ಬಂದ ರಾಜಪ್ಪನ ಹೆಂಡತಿ ಗಂಗಾಶ್ರೀ ಹೊಸ್ತಿಲಲ್ಲೇ ನಿಂತು ಇದನ್ನು ನೋಡಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಶೇಷಮ್ಮನಿಗೆ ಅದು ಕಂಡಿತು.

"ಆ ಬಣ್ಣದ ಗೊಂಬಿಗೆ ಅಳ್ತೀಯಲ್ಲೇ," ಎಂದಳು. "ದಿನಾ ನನ್ ಮುಖ ನೋಡ್ತೀ. ನಂಗೆ ಅಂತ ಒಂದು ಹನಿ ಬರ್ಲಿಲ್ವಲ್ಲ ನಿನ್ ಕಣ್ಣಾಗೆ."

"ಆ ಮುದುಕಿ ನಮ್ಮೂರ ಹಬ್ಬ ನಿಲ್ಸಿಲ್ಲ ಬಿಡ್ರಿ," ಎಂದ ಗಂಗಾಶ್ರೀ ಮಗಳ ರಟ್ಟೆ ಹಿಡಿದು ನಡೆದುಬಿಟ್ಟಳು.

ಮರುದಿನ ಶೇಷಮ್ಮ ಧನ್ಯಾಳನ್ನೂ ಕರೆದುಕೊಂಡು ಠಾಣೆಗೆ ಹೋದಳು. ರಾಜಪ್ಪನ ಹೋರಿ ಇನ್ಯಾರನ್ನೋ ತುಳಿದು ಕೊಲ್ಲುವ ಮೊದಲು ಅದನ್ನು ಕಟ್ಟಿಸಿ ಎಂದಳು. ಬರೆದುಕೊಳ್ಳುತ್ತಿದ್ದ ಪೊಲೀಸ್ ತಲೆಯೆತ್ತದೆ ಹೋರಿಯ ಹೆಸರೇನೆಂದು ಕೇಳಿದ. ಹೇಳಲು ಹೊರಟ ಧನ್ಯಾಳ ಕೈಯನ್ನು ಅಜ್ಜಿ ಅದುಮಿ ಹಿಡಿದಳು. ಇಷ್ಟು ವರ್ಷ ನಾಲಿಗೆಗೆ ತಾರದ ಹೆಸರನ್ನು ಈಗ ಕೊಲೆಗಡುಕನ ಹೆಸರೆಂದು ಬರೆಸಬೇಕು. ದೂರು ಬೇಡವೆಂದು ತಲೆಯಾಡಿಸಿ ಎದ್ದು ಬಂದಳು. ದಾರಿಯುದ್ದಕ್ಕೂ ಹೆಸರಿಟ್ಟವರ ವಂಶವನ್ನೆಲ್ಲ ಬೈದಳು.

ಹಬ್ಬದ ದಿನ ಕದ ಹಾಕಿಕೊಂಡು ಕೂತಳು. ಪಟಾಕಿ ಸಿಡಿಯಿತು. ಮೈಕಿನಲ್ಲಿ ಒಬ್ಬ, ಉದಯ ಬಂದ, ಉದಯ ಬಂದ, ದಾರಿ ಬಿಡ್ರಿ ಎಂದು ಕೂಗಿದ. ಅವನ ಹಿಂದೆಯೇ ಇಡೀ ಊರು ಆ ಹೆಸರನ್ನು ಕೂಗಿತು. ಶೇಷಮ್ಮ ಎದ್ದು ಹೋಗಿ ಕದ ತೆರೆದಳು.

"ಅಜ್ಜಿ, ಈಗ ನೀನೂ ಒಳ್ಳೇಳಾದ್ಯಾ?" ಎಂದು ಧನ್ಯಾ ಕೇಳಿದಳು.

"ಇಲ್ಲ. ಸುಮ್ನಿರು, ಕೂಗೋದು ಸರಿಯಾಗಿ ಕೇಳ್ತಿಲ್ಲ."