ಜನವರಿ ಏಳರ ಕ್ರಿಸ್‌ಮಸ್

ಅಜ್ಜಂಪುರದ ಬಸ್ ನಿಲ್ದಾಣಕ್ಕೆ ನಾವು ಬಂದಾಗ ಬಿಸಿಲು ಇನ್ನೂ ಎಳೆಯದಾಗಿತ್ತು, ಚಳಿ ಬಿಟ್ಟಿರಲಿಲ್ಲ. ನನ್ನ ಜೊತೆಗಿದ್ದ ಹಿರುತ್ ಬಣ್ಣದ ಅಂಚಿನ ಬಿಳಿ ಹತ್ತಿ ಉಡುಪು ತೊಟ್ಟು, ಅಂಥದೇ ಬಿಳಿ ಶಾಲನ್ನು ತಲೆಯ ಮೇಲೆ ಹೊದ್ದಿದ್ದಳು. ಅವಳು ಇಥಿಯೋಪಿಯಾದವಳು. ನಾಟಿ ದನಗಳ ತಳಿಯ ಬಗ್ಗೆ ಸಂಶೋಧನೆ ಮಾಡಲು ಬಂದು ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದಾಳೆ. ನಾನು ಇಲ್ಲಿನ ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ.

ಡಿಸೆಂಬರ್ ಇಪ್ಪತ್ತೈದಕ್ಕೆ ನಾನು ಕೇಕ್ ಹಿಡಿದು ಮಹಡಿ ಹತ್ತಿದ್ದೆ. ಅವಳು ಮುಟ್ಟಲಿಲ್ಲ. "ನನಗಿನ್ನೂ ಉಪವಾಸ ಅಕ್ಕ. ಹಾಲು, ಬೆಣ್ಣೆ, ಮೊಟ್ಟೆ ಯಾವುದೂ ಆಗಲ್ಲ. ನಮ್ಮ ಕ್ರಿಸ್‌ಮಸ್ ಜನವರಿ ಏಳಕ್ಕೆ" ಎಂದಳು. ಅವರ ಪಂಚಾಂಗವೇ ಬೇರೆಯಂತೆ. ಕಳೆದ ವರ್ಷ ಆ ದಿನ ಕೋಣೆಯಲ್ಲಿ ಒಬ್ಬಳೇ ಕೂತಿದ್ದಳಂತೆ. ಈ ಸಲ ಕಡೂರಿನ ಚರ್ಚಿಗೆ ಹೋಗೋಣ ಎಂದು ನಾನೇ ಹೊರಡಿಸಿದೆ.

ಬೀರೂರಿನವರೆಗೆ ಸರ್ಕಾರಿ ಬಸ್ಸು. ಕಂಡಕ್ಟರ್ ನನ್ನ ಆಧಾರ್ ನೋಡಿ ಉಚಿತ ಟಿಕೆಟ್ ಕೊಟ್ಟರು. ಹಿರುತ್ ಕಾಸು ಕೊಡಬೇಕಾಯಿತು. "ನಾನೂ ಹೆಂಗ್ಸೇ ಅಲ್ವಾ ಅಣ್ಣಾ?" ಎಂದು ಅವಳು ಕೇಳಿದಳು. ದನ ಸಾಕುವವರ ನಡುವೆ ಕಲಿತ ಕನ್ನಡ ಅವಳದು. "ಹೌದು ಕಣಮ್ಮಾ, ಆದ್ರೆ ಆಧಾರ್ ಇಲ್ವಲ್ಲ, ನಾನೇನ್ ಮಾಡ್ಲಿ!" ಎಂದು ಆತ ನಕ್ಕರು. ದಾರಿಯುದ್ದಕ್ಕೂ ಕೊಯ್ಲಾದ ರಾಗಿ ಹೊಲಗಳು, ಹುಲ್ಲಿನ ಬಣವೆಗಳು. ಬೀರೂರಿನಲ್ಲಿ ಬಸ್ಸು ಬದಲಿಸಿದೆವು; ಅಲ್ಲಿಂದ ಕಡೂರು ಹತ್ತಿರವೇ.

ಚರ್ಚಿನ ಬಾಗಿಲು ತೆರೆದಿತ್ತು, ಆದರೆ ಪಾದ್ರಿ ಚಿಕ್ಕಮಗಳೂರಿಗೆ ಹೋಗಿದ್ದರು. ಅಲ್ಲಿನ ಹೂವು ದೀಪ ನೋಡಿಕೊಳ್ಳುವ ಫಿಲೋಮಿನಾ ಎಂಬ ಹಿರಿಯ ಹೆಂಗಸು ಕ್ರಿಸ್‌ಮಸ್ಸಿಗೆ ಹುಲ್ಲು ಹಾಸಿ ಕಟ್ಟಿದ್ದ ಗೋದಲಿಯನ್ನು, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯನ್ನು, ಬಿಚ್ಚುತ್ತಿದ್ದರು. ಮಣ್ಣಿನ ಕುರಿ, ಕುರುಬರು, ಮರಿಯಮ್ಮ ಎಲ್ಲ ಪೇಪರಿನಲ್ಲಿ ಸುತ್ತಿಕೊಂಡು ಡಬ್ಬ ಸೇರಿದ್ದವು.

"ಹಬ್ಬ ಮುಗ್ದೋಯ್ತಲ್ಲಮ್ಮಾ" ಎಂದರು.

ಹಿರುತ್ ಖಾಲಿ ಹುಲ್ಲನ್ನೇ ನೋಡುತ್ತಾ ನಿಂತಳು. "ನಮ್ಮ ದೇಶದಲ್ಲಿ ಇವತ್ತು" ಎಂದಷ್ಟೇ ಹೇಳಿದಳು. ಶಾಲಿನ ಅಂಚಿನಿಂದ ಕಣ್ಣೊರೆಸಿಕೊಂಡಳು. ನಾನು ಪಂಚಾಂಗದ ವಿಷಯ ವಿವರಿಸಿದೆ.

ಫಿಲೋಮಿನಾ ಡಬ್ಬದೊಳಗೆ ಕೈ ಹಾಕಿ ಹುಡುಕಿ, ಒಂದು ಪೊಟ್ಟಣ ಬಿಚ್ಚಿ, ಬಾಲಯೇಸುವನ್ನು ಹುಲ್ಲಿನ ಮೇಲೆ ಮಲಗಿಸಿದರು. "ಅಳ್ಬೇಡ ಕಣಮ್ಮಾ. ಇವತ್ತೇ ಹುಟ್ಟಿದ ಅನ್ಕೋ" ಎಂದು ಮೇಣದಬತ್ತಿ ಹಚ್ಚಿದರು.

ಹಿರುತ್ ಚಪ್ಪಲಿಯನ್ನು ಹೊರಗೆ ಬಿಟ್ಟು ಬಂದು, ಹಣೆಯನ್ನು ನೆಲಕ್ಕೆ ಮುಟ್ಟಿಸಿದಳು. ಬಹಳ ಹೊತ್ತು ತನ್ನ ಭಾಷೆಯಲ್ಲಿ ಮೆಲ್ಲಗೆ ಹಾಡಿದಳು. ಫಿಲೋಮಿನಾ ಪಕ್ಕದಲ್ಲೇ ಮೊಣಕಾಲೂರಿದರು. ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ.

"ಉಪವಾಸ ಎಲ್ಲಿ ಬಿಡ್ತೀಯ?" ಎಂದು ಹೊರಗೆ ಬಂದ ಮೇಲೆ ಆಕೆ ಕೇಳಿದರು. ಹಿರುತ್ ದೇಶದಲ್ಲಿ ಈ ದಿನ ಕೋಳಿ ಆಗಲೇಬೇಕು. ನಮ್ಮ ಮನೆಯಲ್ಲಿ ಅದನ್ನು ಬೇಯಿಸುವ ಹಾಗಿಲ್ಲ. ಸಂಗತಿ ತಿಳಿದು ಆಕೆ ಇಬ್ಬರನ್ನೂ ಹಿಂದಿನ ಬೀದಿಯ ತಮ್ಮ ಮನೆಗೆ ಕರೆದೊಯ್ದರು. ಹಿರುತ್ ಈರುಳ್ಳಿ ಹೆಚ್ಚಿದಳು. ಮಧ್ಯಾಹ್ನ ಅವರಿಬ್ಬರಿಗೆ ಮುದ್ದೆ, ಕೋಳಿ ಸಾರು. ನನಗೆ ಮುದ್ದೆ, ಅವರೆಕಾಳಿನ ಸಾರು.

ಹಬ್ಬದ ಊಟದಲ್ಲಿ ಪಕ್ಕದವರಿಗೆ ತುತ್ತು ಕೊಡುವುದು ಇಥಿಯೋಪಿಯಾದವರ ವಾಡಿಕೆಯಂತೆ. ಮೊದಲ ತುತ್ತನ್ನು ಹಿರುತ್ ಫಿಲೋಮಿನಾ ಬಾಯಿಗಿಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು, ತನ್ನ ಕೈಯಲ್ಲಿದ್ದ ಕೋಳಿ ಸಾರನ್ನು ನೋಡಿ ತಡೆದಳು. ಎದ್ದು ಹೋಗಿ ಸೋಪು ಹಾಕಿ ಕೈ ತೊಳೆದು ಬಂದಳು. ನನ್ನ ತಟ್ಟೆಯಿಂದಲೇ ಮುದ್ದೆ ಮುರಿದು, ಅವರೆ ಸಾರಿನಲ್ಲಿ ಅದ್ದಿ ನನ್ನ ಬಾಯಿಗಿಟ್ಟಳು. ನನಗೆ ಯಾರಾದರೂ ಹಾಗೆ ತಿನ್ನಿಸಿ ಎಷ್ಟು ಕಾಲವಾಗಿತ್ತೋ.

ಸಂಜೆ ಫಿಲೋಮಿನಾ ಬಸ್ ನಿಲ್ದಾಣದವರೆಗೂ ಬಂದರು. ನಾವು ಹತ್ತಿ ಕೂತ ಮೇಲೆ ಕಿಟಕಿಯ ಕೆಳಗೆ ನಿಂತು, "ಮುಂದಿನ್ ವರ್ಷ ಏಳನೇ ತಾರೀಕು ಆಗೋಗಂಟ ಗೋದಲಿ ಬಿಚ್ಚೋದೇ ಇಲ್ಲ. ಬರ್ಬೇಕು ನೀನು" ಎಂದರು.

ಹಿರುತ್ ಕೆಲಸ ಬೇಸಿಗೆಗೆ ಮುಗಿಯುತ್ತದೆ. ಊರಿಗೆ ಹೋಗುವ ಟಿಕೆಟ್ಟೂ ಆಗಿದೆ. ನಾನು ಅವಳ ಮುಖ ನೋಡಿದೆ. ಅವಳು ಕಿಟಕಿಯಿಂದ ಕೈ ಚಾಚಿ ಆಕೆಯ ಕೈ ಹಿಡಿದುಕೊಂಡಳು.

"ಬತ್ತೀನಿ ಅಮ್ಮಾ" ಎಂದಳು. ಬಸ್ಸು ಹೊರಟಿತು.